ಕುರಿಯ ಮಾತ್ರೆ

ಚಾಮರಾಜನಗರ
೧೨-೧-೫೩

ಗುಂಡ್ಲುಪೇಟೆಯ ಮಾವನವರಾದ ಮರಿಮಲ್ಲಪ್ಪನವರಿಗೆ ಅಳಿಯ ಗುರುಪಾದಸ್ವಾಮಿಯ ಶರಣು.

ನಿಮ್ಮ ಮಗಳು ಮಲ್ಲಾಜಮ್ಮನನ್ನು ಮೈಸೂರಿನ ಡಾಕ್ಟರಿಗೆ ತೋರಿಸಿದೆ. ಮುಖ ಊದುವುದು, ಬಿಸಿಲಲ್ಲೂ ಕಂಬಳಿ ಹೊದೆಯುವುದು, ಒಲೆಯ ಮುಂದೆ ಕೂತಲ್ಲೇ ನಿದ್ದೆ ಹೋಗುವುದು, ಎಲ್ಲಕ್ಕೂ ಗಂಟಲಿನ ಥೈರಾಯ್ಡ್ ಗ್ರಂಥಿ ಸೋತದ್ದೇ ಕಾರಣವಂತೆ. ದಿನವೂ ಮಾತ್ರೆ ನುಂಗಿದರೆ ಮೊದಲಿನಂತಾಗುತ್ತಾಳೆ, ಇಲ್ಲದಿದ್ದರೆ ಉಳಿಯುವುದು ಕಷ್ಟ ಎಂದರು. ಆದರೆ ಆ ಮಾತ್ರೆ ಮಾಡುವುದು ಕುರಿಯ ಗ್ರಂಥಿಯಿಂದ! ಎದೆಯ ಮೇಲೆ ಲಿಂಗ, ಹೊಟ್ಟೆಯೊಳಗೆ ಕುರಿ. ಅರಿಸಿನದ ಮಂಡಿಯಲ್ಲಿ ನಾನು ಹೇಗೆ ತಲೆಯೆತ್ತಿ ಕೂರಲಿ?

"ಕೆಮ್ಮು ಬಂದಾಗ ಮೀನೆಣ್ಣೆ ಕುಡೀಲಿಲ್ವಾ ನೀವು? ನಾನೂ ಬದುಕ್ಬೇಕು ಕಣ್ರೀ" ಎಂದಳು.

ಅದು ಎಣ್ಣೆ. ಮೇಲಾಗಿ, ವ್ಯಾಪಾರಕ್ಕೆ ಕೂರುವವನು ನಾನು.

"ಅಂಗಾದ್ರೆ ನಿಮ್ಮಪ್ಪನ ಮನೇಗೋಗಿ ನುಂಗಮ್ಮಿ" ಎಂದೆ.

ಮುಂದಿನ ಸೋಮವಾರ ಬಂದು ಕರೆದುಕೊಂಡು ಹೋಗಿ. ಮಾತ್ರೆ ಕೊಡುವುದೂ ಬಿಡುವುದೂ ನಿಮ್ಮಿಷ್ಟ. ನುಂಗಿದವಳು ಮಾತ್ರ ಮತ್ತೆ ನನ್ನ ಹೊಸಿಲು ತುಳಿಯುವಂತಿಲ್ಲ. ಬರುವಾಗ ನಿಮ್ಮ ಕಿರಿಮಗಳು ಚಂದ್ರಮತಿಯನ್ನು ಜೊತೆಗೆ ಕರೆತನ್ನಿ. ಮನೆಗೆ ಹೆಂಗಸು ಬೇಕು, ಸಂಬಂಧವೂ ಕಡಿಯಬಾರದು. ಮದುವೆಯ ಸೀರೆ ಮೈಸೂರಿನಲ್ಲೇ ತೆಗೆದೆ. ಬಣ್ಣ ಆರಿಸಿದ್ದು ಮಲ್ಲಾಜಮ್ಮ. ಯಾರಿಗೆಂದು ಅವಳಿಗೆ ಹೇಳಿಲ್ಲ.

ನಿಮ್ಮ ಮನೆತನದ ಹಿತ ಬಯಸುವ,
ಗುರುಪಾದಸ್ವಾಮಿ