ಉಪ್ಪು ನೋಡಿದವಳು

ಅಕ್ಟೋಬರ್ 3, 2023. ಮಂಗಳವಾರ

ಮತ್ತೆ ಅದೇ. ಬೆಣ್ಣೆಯಿಲ್ಲದ, ಉಪ್ಪಿಲ್ಲದ ಬಿಳಿ ಪಾಸ್ತಾ, ಅರ್ಧ ಬಟ್ಟಲು. ಒಂದು ಲೋಟ ಹಾಲು. ಮೇದಿನಿಯ ಊಟ ಮುಗಿಯಿತು. ನನ್ನ ಮಗಳಿಗೆ ಎಂಟು ವರ್ಷ. ಹಾಕಿಕೊಂಡಿರುವುದು ಐದು ವರ್ಷದವಳ ಫ್ರಾಕು.

ಡಾಕ್ಟರ್ ಇವತ್ತು ನೇರವಾಗಿಯೇ ಹೇಳಿದರು. ಜನವರಿಯೊಳಗೆ ತೂಕ ಏರದಿದ್ದರೆ ಮೂಗಿನಿಂದ ಹೊಟ್ಟೆಗೆ ಊಟದ ಟ್ಯೂಬ್. ಇದು ಹಟವಲ್ಲ, ಕಾಯಿಲೆ, ಹೊಸ ತಿನಿಸು ಕಂಡರೆ ಇವಳಿಗೆ ಗಂಟಲು ಕಟ್ಟುತ್ತದೆ ಎಂದು ಇನ್ನೊಮ್ಮೆ ವಿವರಿಸಿದರು. ಗೊತ್ತು. ಹಸಿವೇ ಇವಳಿಗೆ ತಿಳಿಯುವುದಿಲ್ಲ ಅನ್ನುವುದೂ ಗೊತ್ತು. ಪೊವೇಯ ನಮ್ಮ ಮನೆಯವರೆಗೆ ಡ್ರೈವ್ ಮಾಡಿಕೊಂಡು ಬಂದೆ. ಹಿಂದಿನ ಸೀಟಿನಲ್ಲಿ ಅವಳು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು.

ಅತ್ತೆಗೆ ಹೇಳಲು ಧೈರ್ಯ ಬರಲಿಲ್ಲ. ಧಾರವಾಡದಿಂದ ಈ ದೇಶಕ್ಕೆ ಬಂದು ಇನ್ನೂ ತಿಂಗಳಾಗಿಲ್ಲ. ಅವರ ಮಗನಿಗೆ ಹೇಳಿದೆ. ಸಿದ್ಧಲಿಂಗೇಶ ಪಾತ್ರೆ ತೊಳೆಯುತ್ತಿದ್ದ — ತೊಳೆದದ್ದನ್ನೇ.

ಅಕ್ಟೋಬರ್ 7. ಶನಿವಾರ

ನಂಬಲಾಗುತ್ತಿಲ್ಲ. ಪಕ್ಕದ ಮನೆಯ ಬರ್ತ್‌ಡೇ. ಮೇದಿನಿ ಗೆಳತಿಯ ತಟ್ಟೆಯಿಂದ ಚಿಕನ್ ಚೂರೊಂದನ್ನು ಎತ್ತಿದಳು. ಮೂಸಿದಳು. ಬಾಯಿಗೆ ಹಾಕಿಕೊಂಡಳು. ನುಂಗಿದಳು!

"ಇಟ್ಸ್ ಓಕೆ," ಅಂದಳು. ಅಷ್ಟೇ.

ನಮ್ಮದು ಲಿಂಗಾಯತರ ಮನೆ. ಮೊಟ್ಟೆಯೂ ಒಳಗೆ ಬಂದಿಲ್ಲ. ಇವಳಿಗೆ ಊಟ ಕಲಿಸುವ ಥೆರಪಿಸ್ಟ್‌ಗೆ ಅಲ್ಲಿಂದಲೇ ಮೆಸೇಜ್ ಮಾಡಿದೆ. ಉತ್ತರ: ತಿನ್ನುವ ಪಾಸ್ತಾದ ಜೊತೆಗೇ ಕೊಟ್ಟು ನೋಡಿ. ಒತ್ತಾಯ ಬೇಡ. ತಿನ್ನುವಾಗ ಮುಖ ನೋಡಬೇಡಿ.

ಅಕ್ಟೋಬರ್ 10. ಮಂಗಳವಾರ

ಜೀವನದಲ್ಲಿ ಮೊದಲ ಸಲ ಚಿಕನ್ ಮುಟ್ಟಿದೆ. ತಣ್ಣಗೆ, ಜಾರುತ್ತದೆ. ಸೇಲ್‌ನಲ್ಲಿದ್ದ ಫ್ಯಾಮಿಲಿ ಪ್ಯಾಕ್. ಇವಳ ಥೆರಪಿಗಾಗಿ ನಾನು ಪಾರ್ಟ್‌ಟೈಮ್ ಆದಮೇಲೆ ಮನೆಗೆ ಬರುವುದೆಲ್ಲ ಸೇಲ್‌ನಲ್ಲಿದ್ದದ್ದೇ. ಯೂಟ್ಯೂಬ್ ನೋಡಿ ಮಾಡಿದ್ದು. ಬೆಣ್ಣೆಯಲ್ಲಿ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಚಿಕನ್, ಪಾಸ್ತಾ ಬೇಯಿಸಿದ ನೀರನ್ನೇ ಒಂದಿಷ್ಟು... ಕೆಲಸದಿಂದ ಬಂದು ಮಾಡಬಹುದಾದಷ್ಟು ಸುಲಭ.

ಹೊಸ ಬಾಣಲೆ, ಹೊಸ ಸೌಟು. ಎರಡನ್ನೂ ಗರಾಜ್‌ನಲ್ಲಿಡುತ್ತೇನೆ ಎಂದು ಅತ್ತೆಗೆ ಮೊದಲೇ ಮಾತು ಕೊಟ್ಟಿದ್ದೆ. ಟ್ಯೂಬಿನ ವಿಷಯವನ್ನೂ ಹೇಳಿದೆ, ಹೇಳಲೇಬೇಕಾಯಿತು. ಕೇಳಿಸಿಕೊಂಡರು. ಮೇಲೆ ಹೋಗಿ ಬಾಗಿಲು ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮೇದಿನಿ ಮುಟ್ಟಲಿಲ್ಲ. "ನಾಟ್ ದ ಸೇಮ್, ಅಮ್ಮ."

ಅಕ್ಟೋಬರ್ 18

ಇಲ್ಲ.

ಅಕ್ಟೋಬರ್ 26. ಗುರುವಾರ

ತಟ್ಟೆ ದೂಡಿದಳು. ಕೂಗಿದೆ. ಕೂಗಬಾರದಿತ್ತು. ಈಗ ಬಿಳಿ ಪಾಸ್ತಾವೂ ಅರ್ಧದಲ್ಲೇ ನಿಲ್ಲುತ್ತಿದೆ.

ನವೆಂಬರ್ 9. ಗುರುವಾರ

ಮರೆಯುವ ಮೊದಲು ಬರೆದುಬಿಡಬೇಕು. ಮರೆಯುವುದುಂಟೇ...

ಸಿದ್ಧಲಿಂಗೇಶ ಕೆಲಸದ ಮೇಲೆ ತೈವಾನಿನಲ್ಲಿ. ನಾನು ಕೆಲಸ ಮಾಡುವ ಸೊರೆಂಟೊ ವ್ಯಾಲಿಯ ಲ್ಯಾಬ್ ಬಿಟ್ಟಿದ್ದೇನೋ ಹೊತ್ತಿಗೆ ಸರಿಯಾಗಿ. ಫ್ರೀವೇಯಲ್ಲಿ ಲಾರಿ ಮಗುಚಿ ಎಲ್ಲ ನಿಂತುಹೋಗಿತ್ತು. ಅತ್ತೆಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಮತ್ತೆ ಮಾಡಿದೆ. ಇಲ್ಲ. ಮನೆ ಮುಟ್ಟುವಷ್ಟರಲ್ಲಿ ಬೇಡದ್ದೆಲ್ಲ ಯೋಚಿಸಿ ಆಗಿತ್ತು.

ಗರಾಜ್ ಬಾಗಿಲು ತೆರೆದರೆ ಬೆಳ್ಳುಳ್ಳಿಯ ವಾಸನೆ.

ಒಲೆಯ ಮುಂದೆ ಅತ್ತೆ. ಗುರುಬಸವ್ವ, ಎಪ್ಪತ್ತೆರಡು ವರ್ಷ, ಕೊರಳಲ್ಲಿ ಲಿಂಗ. ಸೆರಗನ್ನು ಮೂಗಿಗೆ ಬಿಗಿದು ಕಟ್ಟಿಕೊಂಡಿದ್ದಾರೆ. ಗರಾಜ್‌ನ ಬಾಣಲೆ ಒಲೆಯ ಮೇಲಿದೆ. ನಾನು ಬೆಳಿಗ್ಗೆ ಹೆಚ್ಚಿ ಫ್ರಿಜ್ಜಿನಲ್ಲಿಟ್ಟು ಹೋದ ಚಿಕನ್ ಅದರಲ್ಲಿ. ಪಕ್ಕದ ಸ್ಟೂಲಿನ ಮೇಲೆ ಚಮಚ ಹಿಡಿದ ಮೇದಿನಿ.

"ಉಪ್ಪ ಸಾಕೇನ, ನೋಡಿ ಹೇಳವಾ."

ಮೇದಿನಿ ಚಮಚದಲ್ಲಿ ಒಂದು ಚೂರು ತೆಗೆದು, ಊದಿ, ಬಾಯಿಗಿಟ್ಟಳು. ಅಗಿದಳು. "ನೋ. ಲಿಟಲ್ ಮೋರ್."

"ಇಷ್ಟು?"

"ಅಜ್ಜೀ! ಟೂ ಮಚ್! ಸ್ವಲ್ಪ!"

ಹಾಕಿದರು. ಕಲಕಿದರು. ಅವಳು ಮತ್ತೆ ಬಾಯಿಗಿಟ್ಟಳು. ಮತ್ತೆ ನುಂಗಿದಳು. ಪಾಸ್ತಾ ಸುರಿದ ಮೇಲೆ ಇನ್ನೊಮ್ಮೆ ನೋಡಿದಳು, ಯಾರೂ ಹೇಳದೆಯೇ. ನಾನು ಬಾಗಿಲ ಬಳಿಯೇ ನಿಂತಿದ್ದೆ. ಕಾರಿನ ಕೀ ಅಂಗೈಗೆ ಒತ್ತಿ ಗುರುತು ಬಿದ್ದಿದೆ. ನನ್ನ ಮಗಳು ಉಪ್ಪು ನೋಡುತ್ತಿದ್ದಳು. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ದರೂ ನಾನು ಅಷ್ಟು ಬೆರಗಾಗುತ್ತಿರಲಿಲ್ಲ.

ಬಟ್ಟಲು ತುಂಬ ತಿಂದಳು. ತಿಂದು ಟಿವಿ ಮುಂದೆ ಹೋದಳು, ಏನೂ ಆಗೇ ಇಲ್ಲವೆಂಬಂತೆ.

ಅವಳು ಅತ್ತ ಹೋದದ್ದೇ ಅತ್ತೆ ಸಿಂಕಿಗೆ ಬಾಗಿ ಓಕರಿಸಿದರು. ಅಷ್ಟು ಹೊತ್ತೂ ತಡೆದುಕೊಂಡಿದ್ದರು. ಬೆನ್ನು ನೀವಿದೆ. ಅವರೇ ಬಾಯಿ ಮುಕ್ಕಳಿಸಿ ಹೇಳಿದರು.

"ಅಜ್ಜಿ, ಐ ಆಮ್ ಹಂಗ್ರಿ ಅಂದ್ಲು. ಆ ಮಾತು ನನಗೂ ತಿಳೀತದ. ಇಷ್ಟ ವರ್ಷದಾಗ ಒಮ್ಮೆರೆ ಅಂದಾಳೇನ ಹಂಗ? ಬರೇ ಪಾಸ್ತಾ ಕುದಿಸಿಕೊಡ್ಲೇನ ಅಂದ್ರ ಒಲ್ಲೆ, ಚಿಕನ್ ಅಂದ್ಲು. ಹಸದ ಕೂಸಿನ್ನ ಕೆಳಗ ಬಿಟ್ಟು ನಾ ಬಾಗ್ಲಾ ಹಾಕ್ಕೊಂಡ ಕುಂದರ್ಲೇನ?"

"ಆದರೆ ಅವಳು ರುಚಿ ನೋಡಿದ್ದು ಹೇಗೆ, ಅತ್ತೆ? ನೀವೇನು ಹೇಳಿದಿರಿ?"

"ಏನ್ ಹೇಳೂದದ? ನಾ ಇದನ್ನ ತಿನ್ನಂಗಿಲ್ಲ, ಉಪ್ಪ ಆಗೇತೋ ಇಲ್ಲೋ ನನಗ ಗೊತ್ತಾಗಂಗಿಲ್ಲ, ನೀನ ನೋಡಬೇಕು ಅಂದೆ. ನೋಡಿದ್ಲು."

ಇಷ್ಟು ವರ್ಷ ಅವಳ ಬಾಯಿಗೆ ಏನಾದರೂ ಹೋಗಲಿ ಎಂದು ನಾವೆಲ್ಲ ಅವಳ ಸುತ್ತ ಕುಣಿದದ್ದೇ ಕುಣಿದದ್ದು. ನಮಗೇ ಅವಳಿಂದ ಏನೋ ಆಗಬೇಕಾಗಿದೆ ಎಂದು ಯಾರೂ ಕೇಳಿರಲಿಲ್ಲ.

"ಅತ್ತೆ, ನಿಮ್ಮ ಪೂಜೆ..."

"ಜಳಕಾ ಮಾಡಿ ಮಾಡ್ತೀನಿ. ಕೊರಳಾಗಿನ ಅಂವಗ ನಾ ಹೇಳ್ಕೋತೀನಿ. ನೀ ನಡುವ ಬರಬ್ಯಾಡ."

ಮೆಟ್ಟಿಲು ಹತ್ತಿ ಹೋದರು, ಗೋಡೆ ಹಿಡಿದುಕೊಂಡು. ಈಗ ಮೇಲೆ ನೀರಿನ ಸದ್ದು. ಕಾಲು ಹಿಡಿಯಬೇಕೆನ್ನಿಸುತ್ತಿದೆ. ಹಿಡಿದರೆ ಖಂಡಿತ ಬೈಯುತ್ತಾರೆ.

ಡಿಸೆಂಬರ್ 12. ಮಂಗಳವಾರ

ತೂಕ ಏರಿದೆ! ಡಾಕ್ಟರ್ ಚಾರ್ಟನ್ನು ಎರಡು ಸಲ ನೋಡಿದರು. ಟ್ಯೂಬಿನ ಮಾತು ಸದ್ಯಕ್ಕೆ ಬೇಡ ಅಂದರು. "ವಾಟ್ ಚೇಂಜ್ಡ್?" ಎಂದು ಕೇಳಿದರು. ಮೇದಿನಿ ನನಗಿಂತ ಮೊದಲೇ ಬಾಯಿಬಿಟ್ಟಳು. "ಮೈ ಅಜ್ಜಿ ಕಾಂಟ್ ಡು ಇಟ್ ವಿದೌಟ್ ಮೀ."

ಸಿದ್ಧಲಿಂಗೇಶ ಪಾರ್ಕಿಂಗ್ ಲಾಟ್‌ನಲ್ಲಿ ಅತ್ತುಬಿಟ್ಟ. ಮದುವೆಯಾದ ಮೇಲೆ ಮೊದಲ ಸಲ ನೋಡಿದ್ದು.

ಡಿಸೆಂಬರ್ 14. ಗುರುವಾರ

ಚಿಕನ್ ಪಾಸ್ತಾ. ಒಲೆಯ ಮುಂದೆ ನಾನು, ಸ್ಟೂಲಿನ ಮೇಲೆ ಮೇದಿನಿ. ಅತ್ತೆ ತಮ್ಮ ತಟ್ಟೆ ಹಿಡಿದು ದೂರದ ಕುರ್ಚಿಯಲ್ಲಿ ಕೂತಿದ್ದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಮೇದಿನಿ ಇಳಿದು ಅವರ ಬಳಿ ಹೋದಳು. ನೋಡುತ್ತ ನಿಂತಳು.

"ಏನವಾ?"

"ವಾಟ್ ಡಸ್ ಇಟ್ ಟೇಸ್ಟ್ ಲೈಕ್?"

ಅತ್ತೆ ಯೋಚಿಸಿದರು. "ಹೆಂಗ ಹೇಳ್ಲಿ? ರೊಟ್ಟಿ ರೊಟ್ಟಿ ಇದ್ದಂಗ ಇರ್ತದ."

ನಾನು ಬೇಕೆಂದೇ ಒಲೆಯ ಕಡೆ ತಿರುಗಿದೆ. ಬೆನ್ನ ಹಿಂದೆ ರೊಟ್ಟಿ ಮುರಿದ ಸದ್ದು. ಆಮೇಲೆ ಇನ್ನೊಂದು ಸದ್ದು, ಸಣ್ಣದು... ಮೇದಿನಿಯ ಹಲ್ಲಿನದು. ಸೌಟು ಹಿಡಿದ ನಾನು ತಿರುಗಿ ನೋಡದೆ ಪಾಸ್ತಾ ಕಲಕುತ್ತಲೇ ಇದ್ದೆ.