ನೀರು ಇಳಿಯುವ ತನಕ

ಮಾರ್ಚ್ ೯, ಭಾನುವಾರ

ಮುದ್ದು ಮಗಳೇ,

ಕಾಗದ ತಡವಾಯಿತು, ಬೈಯಬೇಡ. ಫೋನಿನಲ್ಲಿ ನನ್ನ ಮಾತು ‘ಊಟ ಆಯ್ತಾ’ ದಾಟುವುದಿಲ್ಲ, ನಿನಗೇ ಗೊತ್ತು. ಬಸ್ ಡಿಪೋದಲ್ಲಿ ಅಂತೂ ರಜೆ ಕೊಟ್ಟರು. ನಾನೂ ಅವಳೂ ಡೇರೆ ಹೊತ್ತುಕೊಂಡು ಸಮುದ್ರದ ದಂಡೆಗೆ ಹೋಗಿದ್ದೆವು. ಮದುವೆಯಾದ ಮೇಲೆ ಇದೇ ಮೊದಲ ಪ್ರವಾಸ. ಈ ವಯಸ್ಸಿನಲ್ಲಿ ಬೇಕಿತ್ತಾ ಎಂದು ನಗಬೇಡ. ಗೂಟ ಹೊಡೆದದ್ದೆಲ್ಲ ಅವಳೇ, ನಾನು ಬರೀ ಸಲಹೆ ಕೊಟ್ಟೆ.

ಎದುರಿಗೇ ಹಳೆಯ ಕೋಟೆ. ನೀರು ಇಳಿದಾಗ ಮರಳಿನ ಮೇಲೆ ನಡೆದೇ ಹೋಗಬಹುದು. ಉಪ್ಪುಗಾಳಿ ಗೋಡೆಯ ಕಲ್ಲನ್ನು ಜೇನುಗೂಡಿನ ಹಾಗೆ ಕೊರೆದಿದೆ. ಬುರುಜಿನ ಫಿರಂಗಿಯ ಬಾಯಲ್ಲಿ ಗುಬ್ಬಚ್ಚಿ ಸಂಸಾರ ಹೂಡಿದೆ. ಸಿಡಿಮದ್ದಿನ ಕೋಣೆಯ ತುಂಬ ಬಾವಲಿ! ಆಸ್ಪತ್ರೆಯಲ್ಲಿ ರಕ್ತಕ್ಕೆ ಅಂಜದ ನರ್ಸಮ್ಮ, “ಅಯ್ಯಯ್ಯೋ!” ಎಂದು ನನ್ನ ಅಂಗಿ ಹರಿಯುವ ಹಾಗೆ ಜಗ್ಗಿದಳು.

ಮೈಮರೆತು ಸುತ್ತಾಡಿ ಕೆಳಗೆ ಬಂದರೆ ದಾರಿಯೇ ಮುಳುಗಿತ್ತು. ನಾನು ಪ್ಯಾಂಟು ಮಡಚಿ ನೀರಿಗಿಳಿಯಲು ಹೊರಟೆ. ಕೋಟೆಯ ಕಾವಲುಗಾರ ನಕ್ಕ. “ನೀವು ಅವಸರ ಮಾಡಿದ್ರೆ ಸಮುದ್ರ ಕೇಳುತ್ತಾ? ಬನ್ನಿ, ಸಂಜೆಗೆ ಇಳಿಯುತ್ತೆ.”

ಅವನ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತೆವು. ಅವಳನ್ನು ಕೇಳಿದ, “ಮಕ್ಕಳೆಷ್ಟಮ್ಮ?”

“ಒಬ್ಳು ಮಗಳು,” ಎಂದಳು. “ಸೇತುವೆ ಕಟ್ಟೋ ಇಂಜಿನಿಯರು. ಅಪ್ಪನ ಹಾಗೇ ಹಟಮಾರಿ.”

ಆಮೇಲೆ ಗೋಡೆಯ ನೆರಳಿನಲ್ಲಿ ಮೆಲ್ಲಗೆ ಕೇಳಿದಳು, “ಹಾಗಂದಿದ್ದು ತಪ್ಪಾಯ್ತೇನ್ರಿ?”

“ಇಲ್ಲ ಕಣೇ,” ಎಂದೆ. ಇಬ್ಬರೂ ಅಲೆ ನೋಡುತ್ತ ಕೂತೆವು. ಸಂಜೆ ಮೊಣಕಾಲುದ್ದ ನೀರಿನಲ್ಲಿ ಕೈ ಕೈ ಹಿಡಿದು ಈಚೆ ದಾಟಿದೆವು. ಚಪ್ಪಲಿ ಒಂದು ಸಮುದ್ರದ ಪಾಲಾಯಿತು, ನನ್ನದೇ.

ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಕಟ್ಟಿದ್ದೆಲ್ಲ ಗಟ್ಟಿಯಾಗಿ ನಿಲ್ಲಲಿ, ನೀನೂ ಗಟ್ಟಿಯಾಗಿರು.

ನಿನ್ನ
ಅಪ್ಪ

ಇನ್ನೊಂದು ಮಾತು: ಕಳೆದ ಸಲ ನೀನು ಫೋನ್ ಮಾಡಿದಾಗ ಸ್ಪೀಕರ್ ಹಾಕಿತ್ತು. “ಅಮ್ಮ ಹೋದ ಜಾಗದಲ್ಲಿ ಯಾರೋ ಬಂದು ಕೂತಿರೋ ಮನೆಗೆ ನಾನು ಬರಲ್ಲ” ಎಂದೆಯಲ್ಲ, ಅದು ಅವಳ ಕಿವಿಗೂ ಬಿತ್ತು. ಇವತ್ತಿನವರೆಗೂ ಆ ಮಾತೆತ್ತಿಲ್ಲ. ಅವತ್ತು ಎದ್ದು ಹೋಗಿ ನಿನ್ನ ಕೋಣೆಯ ಕಿಟಕಿ ತೆರೆದು, ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಅಮ್ಮ ಅನ್ನು ಎಂದು ನಾನು ಕೇಳುವುದಿಲ್ಲ ಮಗಳೇ, ಆ ಹೆಸರು ನಿನ್ನ ಅಮ್ಮನದೇ. ಒಮ್ಮೆ ಬಾ. ಬಂದಾಗ ಅವಳನ್ನು ಏನಾದರೊಂದು ಕರೆ. ‘ಇವರೇ’ ಅಂದರೂ ಓಗೊಡುತ್ತಾಳೆ.