ವೈರು ಬಿಚ್ಚದೆ ನೋಡಿದ ಕಾಯಿಲ್

ಮನೆಯಿಂದ,
ಶನಿವಾರ, ಹದಿನೇಳನೇ ತಾರೀಖು, ಊಟಕ್ಕೆ ಮುಂಚೆ

ಪ್ರೀತಿಯ ಸೊಸೆಗೆ,

ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ ತಾಯಿ. ಪೂರ್ತಿ ಓದು, ಆಮೇಲೆ ಒಲೆಗೆ ಹಾಕಿದರೂ ನನ್ನ ತಕರಾರಿಲ್ಲ. ಮೊದಲು ಇದನ್ನು ಹೇಳು, ಮಣಿಕಟ್ಟಿನ ಸುಟ್ಟ ಗಾಯ ಹೇಗಿದೆ? ಬೊಬ್ಬೆ ಒಡೆಯಿತೇ, ಒಣಗಿತೇ? ಪಾತ್ರೆ ತೊಳೆಯುವ ಕೆಲಸಕ್ಕೆ ಇಳಿಯಬೇಡ, ನೀರು ತಾಗಿದರೆ ವಾಸಿಯಾಗುವುದು ತಡವಾಗುತ್ತದೆ. ನಿಮ್ಮಮ್ಮನ ಮಂಡಿನೋವು ಈಗ ಹೇಗೆ? ನನ್ನ ಆರೋಗ್ಯವಂತೂ ಚೆನ್ನಾಗಿದೆ, ಬಾಯೊಂದು ಬಿಟ್ಟು ಉಳಿದದ್ದೆಲ್ಲ ಹದವಾಗಿದೆ ಎಂದು ನಿನ್ನ ಅತ್ತೆ ಹೇಳುತ್ತಾಳೆ.

ಇಲ್ಲಿಯ ಸಮಾಚಾರ ಹೇಳಬೇಕೆಂದರೆ, ನೀನು ತವರಿಗೆ ಹೋಗಿ ಒಂಬತ್ತು ದಿನವಾಯಿತು. ನಿನ್ನ ಗಂಡ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಒಂದೇ ಮೇಜಿನ ಮುಂದೆ ಕೂತು, ಉಪ್ಪಿನ ಡಬ್ಬಿ ನನ್ನ ಕೈಯಳತೆಯಲ್ಲೇ ಇದ್ದರೂ, "ಅಮ್ಮಾ, ಅಪ್ಪಂಗೆ ಉಪ್ಪು ಈ ಕಡೆ ತಳ್ಳೋಕೆ ಹೇಳು" ಎನ್ನುತ್ತಾನೆ. ಅವಳೂ ಗಂಭೀರವಾಗಿ ಹಾಗೇ ಹೇಳುತ್ತಾಳೆ. ನಾನೂ ತಳ್ಳುತ್ತೇನೆ. ಅವನ ಕೈಯಲ್ಲೇ ಈ ಕಾಗದ ಕೊಟ್ಟು ಕಳಿಸಬಹುದಿತ್ತು, ನಾಚಿಕೆಯಾಯಿತು. ಫೋನ್ ಮಾಡೋಣವೆಂದರೆ ನನ್ನ ಗುಣ ನಿನಗೆ ಗೊತ್ತಲ್ಲ, ಮೂರನೇ ಮಾತಿಗೆ ದನಿ ಏರಿರುತ್ತದೆ. ಕಾಗದದಲ್ಲಿ ಹಾಗಲ್ಲ, ತಪ್ಪು ಬರೆದರೆ ಹೊಡೆದು ಹಾಕಬಹುದು. ಎರಡು ಹರಿದು ಹಾಕಿದೆ, ಇದು ಮೂರನೇ ಹಾಳೆ.

ಆ ದಿನದ ವಿಷಯಕ್ಕೆ ಬರುತ್ತೇನೆ. ಶಾಲೆಯ ಕ್ಯಾಂಟೀನಿನ ಮೇಡಂ ನಿನಗೆ ಒಂದು ವಾರದ ಪರೀಕ್ಷೆ ಕೊಟ್ಟಿದ್ದರು, ದಿನಕ್ಕೆ ಅರವತ್ತು ಬನ್. ಒಪ್ಪಿಗೆಯಾದರೆ ವರ್ಷವಿಡೀ ಆ ಕೆಲಸ ನಿನ್ನದೇ. ಎರಡು ದಿನ ಚೆನ್ನಾಗಿ ಬಂತು. ಮೂರನೇ ದಿನ ಬನ್ನಿನ ನೆತ್ತಿ ಕಪ್ಪು, ತಳ ಹಸಿ. ನೀನು ಹಿಟ್ಟಿನ ಕೈಯಲ್ಲೇ ಬಂದು, "ಮಾವ, ಕೆಳಗಡೆ ಶಾಖಾನೇ ಬರ್ತಿಲ್ಲ, ಕಾಯಿಲ್ ಹೋಗಿರ್ಬೇಕು, ಒಂಚೂರು ನೋಡ್ತೀರಾ?" ಎಂದೆ. ನಾನು ನೋಡಿದೆ. ಪ್ಲಗ್ ಕಿತ್ತು, ಓವನ್ ತಿರುಗಿಸಿ, ಹಿಂದಿನ ತಗಡು ಬಿಚ್ಚಿ, ಕೆಳಗಿನ ಕಾಯಿಲಿನ ಎರಡು ತುದಿಗೂ ಮೀಟರಿನ ಕಡ್ಡಿ ಇಟ್ಟೆ. ಮುಳ್ಳು ನಲವತ್ತೈದರ ಹತ್ತಿರ ಬಂದು ನಿಂತಿತು. ಕಾಯಿಲ್ ತುಂಡಾಗದಿದ್ದರೆ ಅಷ್ಟೇ ಇರಬೇಕು. "ಕಾಯಿಲ್ ಗಟ್ಟಿಮುಟ್ಟಾಗಿದೆ, ಹಿಟ್ಟು ಸರಿಯಾಗಿ ಕಲಸು" ಎಂದು ತಗಡು ಮುಚ್ಚಿದೆ. ಮರುದಿನ ನೀನು ಬನ್ನುಗಳನ್ನು ಅರ್ಧದಲ್ಲಿ ಒಂದೊಂದಾಗಿ ಮಗುಚಿ ಹಾಕಿ, ತಳವನ್ನು ಮೇಲಿನ ಕಾಯಿಲಿಗೆ ಒಡ್ಡಿ ಬೇಯಿಸಿದೆ. ಮಣಿಕಟ್ಟು ಸುಟ್ಟಿದ್ದು ಆಗಲೇ. ನಾನು ಪೇಪರ್ ಓದುತ್ತಿದ್ದೆ. ತಣ್ಣೀರು ಬಿಟ್ಟುಕೊಳ್ಳುವ ಸದ್ದು ಕೇಳಿಸಿತು, ಏಳಲಿಲ್ಲ.

ಆ ಸಂಜೆ ಮೇಡಂ, ಬನ್ನೆಲ್ಲ ಚಪ್ಪಟೆಯಾಗಿವೆ ಎಂದು ತಟ್ಟೆ ವಾಪಸು ಹಿಡಿದುಕೊಂಡು ಬಂದರು. ನೀನು ಓವನ್ ಕೆಟ್ಟಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಾನು ಅಡ್ಡ ಬಾಯಿ ಹಾಕಿದೆ. "ಓವನ್ ಕೆಟ್ಟಿಲ್ಲ ಮೇಡಂ, ನಾನೇ ಮೀಟರ್ ಹಚ್ಚಿ ನೋಡಿದೀನಿ, ಹುಡುಗಿಗೆ ಕೈ ಇನ್ನೂ ಪಳಗಿಲ್ಲ." ಮೂವತ್ತಾರು ವರ್ಷ ಮೋಟಾರ್ ರಿಪೇರಿ ಮಾಡಿದವನ ಮಾತು, ಅವರು ನಂಬಿದರು. ನಿನ್ನ ಮಾತನ್ನು ನಾನು ಸುಳ್ಳು ಮಾಡಿದೆ, ನಿನ್ನದೇ ಅಡುಗೆಮನೆಯಲ್ಲಿ ನಿಂತು. ಬೆಳಿಗ್ಗೆ ನೀನು ಚೀಲ ತೆಗೆದುಕೊಂಡು ಹೊರಟಾಗಲೂ, ಕೋಪ ಇಳಿದರೆ ಬರುತ್ತಾಳೆ ಬಿಡು ಎಂದುಕೊಂಡೆ.

ಈಗ ನಗಬೇಡ. ಹೋದ ಮಂಗಳವಾರ ಮತ್ತೆ ಓವನ್ ಬಿಚ್ಚಿದೆ, ನಿನ್ನ ತಪ್ಪನ್ನು ಸಾಬೀತು ಮಾಡಲಿಕ್ಕೆ. ಅಂಕಿ ಸಮೇತ ಬರೆದು ನಿನಗೆ ಕಳಿಸಿ, ನಿನ್ನ ಗಂಡನ ಬಾಯಿ ಬಿಡಿಸಬೇಕೆಂಬ ಹಟ. ಮಾಡುವುದನ್ನು ನೆಟ್ಟಗೆ ಮಾಡೋಣವೆಂದು ಈ ಸಲ ಕಾಯಿಲಿನ ಒಂದು ತುದಿಯ ವೈರು ಬಿಚ್ಚಿ ಕಡ್ಡಿ ಇಟ್ಟೆ. ಮುಳ್ಳು ಅಲ್ಲಾಡಲಿಲ್ಲ. ಮೀಟರಿನ ಸೆಲ್ ಹೋಗಿರಬೇಕೆಂದು ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದೆ, ಮುಳ್ಳು ಟಣ್ಣನೆ ಆ ತುದಿಗೆ ಹಾರಿತು. ಮತ್ತೆ ಕಾಯಿಲಿಗೆ ಇಟ್ಟೆ, ಸತ್ತ ಹಾಗೆ ಬಿದ್ದಿತ್ತು. ಅಡಿಯ ತಗಡು ಎತ್ತಿ ಕಾಯಿಲನ್ನೇ ಹೊರಗೆ ತೆಗೆದೆ. ಬಾಗಿದ ಕಡೆ ಕೂದಲೆಳೆಯಷ್ಟು ಬಿರುಕು, ಅದರ ಸುತ್ತ ಬೂದಿ ಬಣ್ಣ.

ಮೊದಲ ಸಲ ಮೀಟರ್ ಸುಳ್ಳು ಹೇಳಿರಲಿಲ್ಲ, ನಾನು ತಪ್ಪು ಪ್ರಶ್ನೆ ಕೇಳಿದ್ದೆ. ಓವನ್ನಿನ ಗುಂಡಿ, ಮೇಲಿನ ಕೆಳಗಿನ ಎರಡೂ ಕಾಯಿಲ್ ಉರಿಯುವ ಜಾಗದಲ್ಲೇ ಇತ್ತು. ಆಗ ಎರಡರ ವೈರುಗಳೂ ಒಳಗೆ ಸೇರಿಕೊಂಡಿರುತ್ತವೆ. ಕೆಳಗಿನದು ತುಂಡಾಗಿದ್ದರೂ, ಮೀಟರ್ ಸುತ್ತಿ ಬಳಸಿ ಮೇಲಿನ ಕಾಯಿಲನ್ನು ಅಳೆದು ನನಗೆ ತೋರಿಸಿತ್ತು. ನನ್ನ ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ನಾನೇ ಬರೆಸಿದ್ದೆ, ಮೊದಲು ವೈರು ಬಿಚ್ಚು, ಆಮೇಲೆ ಮೀಟರ್ ಹಚ್ಚು ಎಂದು. ಮರೆತವರಿಗೆ ನನ್ನಿಂದ ಸಿಗುತ್ತಿದ್ದ ಪೂಜೆ ಇಡೀ ಬೀದಿಗೆ ಕೇಳಿಸುತ್ತಿತ್ತು.

ನಾನೇಕೆ ಬಿಚ್ಚಲಿಲ್ಲ? ಸ್ಕ್ರೂ ತುಕ್ಕು ಹಿಡಿದಿತ್ತು, ಬಗ್ಗಿದರೆ ಸೊಂಟ ಹಿಡಿಯುತ್ತಿತ್ತು ಎಂದೆಲ್ಲ ನಿನ್ನ ಅತ್ತೆಗೆ ಹೇಳಿದೆ. ನಿನಗೆ ನಿಜ ಹೇಳುತ್ತೇನೆ. ಯಾರೋ ಗಿರಾಕಿ ಓವನ್ ತಂದಿದ್ದರೆ ಬಿಚ್ಚಿಯೇ ನೋಡುತ್ತಿದ್ದೆ, ಸೊಂಟ ಮುರಿದರೂ ಸರಿ. ಹೇಳಿದವಳು ಮನೆಯ ಸೊಸೆ, ಬಿಚ್ಚುವ ಮೊದಲೇ ಉತ್ತರ ನನ್ನ ತಲೆಯಲ್ಲಿತ್ತು. ನೀನು ಅಂಗೈ ಒಡ್ಡಿ ಕಂಡುಕೊಂಡದ್ದನ್ನು ನಾನು ಮೀಟರ್ ಇಟ್ಟುಕೊಂಡೂ ಕಾಣಲಿಲ್ಲ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆಗಲಿ.

ಹೊಸ ಕಾಯಿಲ್ ಹಾಕಿದ್ದೇನೆ. ಹಾಕುವ ಮೊದಲು ಬಿಡಿಯಾಗಿಟ್ಟು ಅಳೆದೆ, ಕಾಯಿಲಿನ ಹೊರಮೈಗೆ ಕರೆಂಟು ಸೋರುವುದೇ ಎಂದೂ ನೋಡಿದೆ. ಆಮೇಲೆ ನಿನ್ನ ಅತ್ತೆ ಒಂದು ತಟ್ಟೆ ಬನ್ ಮಾಡಿದಳು. ತಳ ಹೊನ್ನಿನ ಬಣ್ಣಕ್ಕೆ ತಿರುಗಿತು, ರುಚಿ ಮಾತ್ರ ದೇವರಿಗೇ ಪ್ರೀತಿ. ಹಾಗೆಂದು ಅವಳ ಮುಂದೆ ಹೇಳಲಿಲ್ಲ, ಮನೆಯಲ್ಲಿ ಮಾತಾಡುವವಳು ಅವಳೊಬ್ಬಳೇ ಉಳಿದಿರುವುದು.

ನನ್ನನ್ನು ಕ್ಷಮಿಸು. ನಿನ್ನ ಗಾಯ ಬೇಗ ಮಾಯಲಿ, ಹಿಡಿದ ಕೆಲಸ ಕೈಗೂಡಲಿ ಎಂದು ಮನಸಾರೆ ಹರಸುತ್ತೇನೆ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅತ್ತೆ ನಿನ್ನನ್ನು ದಿನಕ್ಕೆ ನಾಲ್ಕು ಸಲ ನೆನೆಯುತ್ತಾಳೆ, ನನಗೆ ಕೇಳಿಸುವ ಹಾಗೆ.

ಇಂತಿ,
ತಲೆ ತಗ್ಗಿಸಿ ಬರೆದ
ನಿನ್ನ ಮಾವ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಆ ಸುಟ್ಟ ಕಾಯಿಲನ್ನು ಚೀಲದಲ್ಲಿ ಹಾಕಿಕೊಂಡು ಶಾಲೆಯ ಕ್ಯಾಂಟೀನಿಗೆ ಹೋಗಿದ್ದೆ. ಅಡುಗೆಯವರೆಲ್ಲ ಇದ್ದರು, ಅವರ ಮುಂದೆಯೇ ಮೇಡಂಗೆ ಬಿರುಕು ತೋರಿಸಿ, "ಸೊಸೆ ಹೇಳಿದ್ದೇ ಸರಿ, ತಪ್ಪು ನಂದು" ಎಂದೆ. ಅವರು ಕೆಲಸವನ್ನು ಇನ್ನೂ ಯಾರಿಗೂ ಒಪ್ಪಿಸಿಲ್ಲವಂತೆ. ಮುಂದಿನ ಶುಕ್ರವಾರದೊಳಗೆ ನೀನು ಕೇಳಿದರೆ ಇನ್ನೊಂದು ವಾರ ಕೊಡುತ್ತಾರಂತೆ. ನಿನ್ನ ಬದಲು ಹೂಂ ಅನ್ನಲು ನಾಲಿಗೆ ತುರಿಸಿತು, ಕಚ್ಚಿಕೊಂಡೆ. ನಿನ್ನ ಬದಲು ನಾನು ಒಮ್ಮೆ ಮಾತಾಡಿದ್ದೇ ಸಾಕು. ಅವರ ನಂಬರು ಹಾಳೆಯ ಹಿಂದಿದೆ. ಇಲ್ಲಿಗೆ ಬರಲು ಮನಸ್ಸಿಲ್ಲದಿದ್ದರೆ ಓವನ್ನನ್ನೇ ನಿಮ್ಮಮ್ಮನ ಮನೆಗೆ ಕಳಿಸಿಕೊಡುತ್ತೇನೆ, ನಿನ್ನ ಗಂಡನನ್ನೂ ಜೊತೆಗೆ. ನನ್ನ ಹತ್ತಿರ ಮಾತಾಡದಿದ್ದರೂ ಪರವಾಗಿಲ್ಲ, ಅವರಿಗೆ ಮಾತ್ರ ಫೋನ್ ಮಾಡು ತಾಯಿ.